ಗುಲಗಂಜಿ ಹುಳುವಿನ ಕುರೂಪಿ ಕೂಸು

ಎಳ್ಳಮಾವಾಸ್ಯೆಗೆಂದು ಶಹಾಬಾದಿನ ತಂಗಿಯ ಮನೆಗೆ ಹೋಗಿದ್ದೆ. ಕಲಬುರಗಿ ಸೀಮೆಯವರಿಗೆ ಈ ಹಬ್ಬದ ಸೊಗಸನ್ನು ವಿವರಿಸಬೇಕಾಗಿಲ್ಲ; ಉಳಿದ ವಾಚಕರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಅಂದು ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಸಜ್ಜೆಯ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ನಿಂತ ಬೆಳೆಯ ನಡುವೆಯೇ ಕುಳಿತು ಉಂಡು ಬರುವ ಹಬ್ಬ ಅದು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ರೈಲಿನಿಂದಿಳಿದು ಮನೆಯ ಹೊಸ್ತಿಲು ದಾಟಿದಾಗ ಅಡಿಗೆಮನೆಯಿಂದ ಎಳ್ಳು ಹುರಿದ ವಾಸನೆ ಬರುತ್ತಿತ್ತು. ಪಡಸಾಲೆಯ ನೆಲದ ಮೇಲೆ ತಂಗಿಯ ಮಗಳು ಬೋರಲಾಗಿ ಮಲಗಿ ಲ್ಯಾಪ್‌ಟಾಪಿನ ಪರದೆಯೊಳಗೆ ಮುಖವನ್ನೇ ಹುದುಗಿಸಿದ್ದಳು.

ಶಹಾಬಾದಿನ ನೆಲವೆಂದರೆ ಶಹಾಬಾದಿನ ಕಲ್ಲು. ನುಣುಪಾದ, ಬೂದುಬಣ್ಣದ, ಬೇಸಗೆಯಲ್ಲಿಯೂ ತಣ್ಣಗಿರುವ ಫರಸಿ. ನಾನು ಬಾಲಕನಾಗಿದ್ದಾಗ ಇಂಥದೇ ನೆಲದ ಮೇಲೆ ಬಳಪದಿಂದ ಆನೆ, ಕುದುರೆ, ರೈಲುಗಾಡಿಗಳನ್ನು ಬರೆದು, ಒದ್ದೆ ಅರಿವೆಯಿಂದ ಒರೆಸಿ, ಮತ್ತೆ ಬರೆದದ್ದು ನೆನಪಾಯಿತು. ಈಕೆಯೂ ಚಿತ್ರವನ್ನೇ ಬರೆಯುತ್ತಿದ್ದಳು. ಆದರೆ ಕೈಯಲ್ಲಿದ್ದುದು ಬಳಪವಲ್ಲ, ಶಾಯಿಯಿಲ್ಲದ ಒಂದು ಲೇಖನಿ. ಅದರ ಕೆಳಗಿದ್ದುದು ಕಲ್ಲಲ್ಲ, ನೋಟುಪುಸ್ತಕದಷ್ಟಗಲದ ಒಂದು ಕರಿಯ ಫಲಕ. ಲೇಖನಿ ಫಲಕದ ಮೇಲೆ ಹರಿದಂತೆಲ್ಲ ಗೆರೆ ಪರದೆಯ ಮೇಲೆ ಮೂಡುತ್ತಿತ್ತು.

"ಮಾಮಾ, ನೋಡ್ರಿ, ಹ್ಯಾಂಗ ಅದ?" ಎಂದಳು.

ಪರದೆಯ ಮೇಲೊಂದು ಗುಲಗಂಜಿ ಹುಳು ಕುಳಿತಿತ್ತು. ಬೋರಲು ಹಾಕಿದ ಬಟ್ಟಲಿನಂಥ ಕೆಂಪು ಬೆನ್ನು, ಅದರ ಮೇಲೆ ಏಳು ಕಪ್ಪು ಚುಕ್ಕೆ, ಬೆನ್ನಿನಷ್ಟೇ ದೊಡ್ಡ ತಲೆ, ತಲೆಯ ತುಂಬ ಎರಡು ಕಣ್ಣು, ಕಿವಿಯಿಂದ ಕಿವಿಗೆ ನಗು. ಹುಳುವಿಗೆ ಕಿವಿಯೇ ಇಲ್ಲವಲ್ಲ ಎಂದು ವಾಚಕರು ಕೇಳಬಹುದು. ನಗು ಇತ್ತೆಂದ ಮೇಲೆ ಕಿವಿಯೂ ಇದ್ದಂತೆಯೇ ಸರಿ. ಏಳನೆಯ ತರಗತಿಯ ವಿಜ್ಞಾನ ವಸ್ತುಪ್ರದರ್ಶನಕ್ಕೆ 'ರೈತನ ಮಿತ್ರ ಕೀಟಗಳು' ಎಂಬ ಭಿತ್ತಿಪತ್ರ ತಯಾರಾಗಬೇಕಿತ್ತಂತೆ. ಮನೆಯ ಹಿರಿಯಾಕೆ, ಮಗುವಿನ ಆಯಿ, ಅಡಿಗೆಮನೆಯ ಬಾಗಿಲಿಂದಲೇ ಇಣುಕಿ, "ಏನ್ ಚಂದ ಅದವ್ವಾ! ದೃಷ್ಟಿ ತಗೀಬೇಕು ಅದಕ್ಕ" ಎಂದರು.

ನಾನು ಮೆಚ್ಚಿದೆ. ಮೆಚ್ಚಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿದೆ: "ಇದಕ್ಕ ಕಾಲು ನಾಕೇ ಏನು?"

ಮಗು ಒಂದು ಕ್ಷಣ ಯೋಚಿಸಿ, "ನಾಕು ಸಾಕಲ್ರಿ ಮಾಮಾ? ಕಾರ್ಟೂನ್ ಅಲ್ಲೇನು ಇದು?" ಎಂದಳು.

ಪ್ರಶ್ನೆ ಚಿಕ್ಕದು. ಆದರೆ ಮುಂದಿನ ಎರಡು ದಿನ ನಮ್ಮಿಬ್ಬರಿಗೂ ಅದು ಬಿಡುವು ಕೊಡಲಿಲ್ಲ. ಹುಳುವನ್ನು ಮುದ್ದಾಗಿ ಬರೆಯುವಾಗ ಅದರಲ್ಲಿ ಏನನ್ನು ಬಿಡಬಹುದು, ಏನನ್ನು ಬಿಡಬಾರದು? ಅದನ್ನು ಹೇಳುವ ಮೊದಲು ಮಗುವಿನ ಕೈಯಲ್ಲಿದ್ದ ಉಪಕರಣದ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕು.

ಸೀಮೆಸುಣ್ಣದ ಹೆಸರಿನ ತಂತ್ರಾಂಶ

ಆಕೆ ಬಳಸುತ್ತಿದ್ದ ತಂತ್ರಾಂಶದ ಹೆಸರು 'ಕ್ರಿಟ'. ಸ್ವೀಡನ್ ದೇಶದ ಭಾಷೆಯಲ್ಲಿ ಈ ಮಾತಿಗೆ ಸೀಮೆಸುಣ್ಣ, ಬಣ್ಣದ ಬಳಪ ಎಂದೇ ಅರ್ಥ. ಹಲವು ದೇಶಗಳ ಉತ್ಸಾಹಿಗಳು ಕೂಡಿ ಬೆಳೆಸಿದ ಈ ತಂತ್ರಾಂಶವನ್ನು ಅಂತರಜಾಲದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಹೀಗೆ ನನ್ನ ಬಳಪವೂ ಅವಳ ಬಳಪವೂ ಹೆಸರಿನಲ್ಲಿಯಾದರೂ ಒಂದೇ ಎಂದು ತಿಳಿದು ನನಗೆ ಸಂತೋಷವಾಯಿತು.

ಗಣಕಯಂತ್ರದ ಪರದೆಯ ಮೇಲೆ ಕೈಯಿಂದ ಗೆರೆ ಎಳೆಯುವ ಕೌತುಕ ಇಂದು ನಿನ್ನೆಯದಲ್ಲ. 1963ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಐವನ್ ಸದರ್ಲೆಂಡ್ ಎಂಬ ತರುಣ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯನ್ನು ತನ್ನ ಪ್ರಬಂಧದಲ್ಲಿ ವಿವರಿಸಿದ. ಬೆಳಕಿನ ಲೇಖನಿಯಿಂದ ಪರದೆಯನ್ನು ಮುಟ್ಟಿ ಚಿತ್ರ ಬರೆಯುವ ವ್ಯವಸ್ಥೆ ಅದು. ಅಂದು ಅದಕ್ಕೆ ಬೇಕಾಗಿದ್ದುದು ಒಂದು ಪ್ರಯೋಗಶಾಲೆಯ ಭಾರಿ ಯಂತ್ರ. ಇಂದು ಅಣ್ಣ ಓದಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ತಂಗಿ ಅದೇ ಕೆಲಸವನ್ನು ಫರಸಿಯ ಮೇಲೆ ಮಲಗಿ ಮಾಡುತ್ತಾಳೆ.

ಆಕೆಯ ಕ್ರಮವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲು ಹಾಳೆಯ ಅಳತೆಯನ್ನು ನಿಶ್ಚಯಿಸಬೇಕು. ಪರದೆಯ ಚಿತ್ರವೆಂದರೆ ಪಿಕ್ಸೆಲ್ ಎಂಬ ಬಣ್ಣದ ಕಣಗಳ ಜೋಡಣೆಯಷ್ಟೆ. ಅಚ್ಚಿನಲ್ಲಿ ಚೊಕ್ಕವಾಗಿ ಬರಬೇಕಾದರೆ ಅಂಗುಲಕ್ಕೆ 300 ಕಣಗಳಿರುವುದು ವಾಡಿಕೆ. ಆ ಲೆಕ್ಕದಲ್ಲಿ ಎ-4 ಅಳತೆಯ ಒಂದು ಹಾಳೆಗೆ ಅಗಲದಲ್ಲಿ 2480, ಎತ್ತರದಲ್ಲಿ 3508, ಒಟ್ಟು ಸುಮಾರು 87 ಲಕ್ಷ ಕಣಗಳಾಗುತ್ತವೆ. ಇದನ್ನು ಮೊದಲೇ ಯೋಚಿಸದೆ ಚಿಕ್ಕ ಹಾಳೆಯಲ್ಲಿ ಬರೆದು ಆಮೇಲೆ ದೊಡ್ಡದು ಮಾಡಹೊರಟರೆ ಗೆರೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ.

ಎರಡನೆಯದು ಪದರಗಳು. ಇದನ್ನು ಶಹಾಬಾದಿನವರಿಗೆ ತಿಳಿಸಿ ಹೇಳುವುದು ಬಹಳ ಸುಲಭ. ಅನೇಕ ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಹಾಸು ಹಾಸಾಗಿ ಕೂಡಿಕೊಂಡ ಸುಣ್ಣಗಲ್ಲು ಇಲ್ಲಿಯದು. ಭೂಗರ್ಭ ಶಾಸ್ತ್ರಜ್ಞರು ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಗಣಿಯಲ್ಲಿ ಹಾರೆ ಹಾಕಿ ಮೀಟಿದರೆ ಒಂದರ ಕೆಳಗೊಂದು ಹಾಸು ಬಿಡಿಬಿಡಿಯಾಗಿ ಏಳುತ್ತದೆ. ತಂತ್ರಾಂಶದ ಪದರಗಳೂ ಹಾಗೆಯೇ. ಎಲ್ಲಕ್ಕೂ ಕೆಳಗೆ ತೆಳು ನೀಲಿಯಲ್ಲಿ ಕಚ್ಚಾ ರೂಪ. ಅದರ ಮೇಲೆ ಬಣ್ಣಕ್ಕೊಂದು ಪದರ. ಎಲ್ಲಕ್ಕೂ ಮೇಲೆ ಅಚ್ಚುಕಟ್ಟಾದ ಕಪ್ಪು ಗೆರೆ. ಒಂದೇ ವ್ಯತ್ಯಾಸವೆಂದರೆ, ಗಣಿಯಲ್ಲಿ ಮೇಲಿನ ಕಲ್ಲು ಎತ್ತದೆ ಕೆಳಗಿನದು ಸಿಗದು. ಇಲ್ಲಿ ನಡುವಿನದನ್ನೇ ಎಳೆದು ತೆಗೆಯಬಹುದು, ತಿದ್ದಬಹುದು, ಮರೆಮಾಡಬಹುದು. ಮುಗಿದ ಮೇಲೆ ಕಚ್ಚಾ ರೂಪದ ಪದರವನ್ನು ಕಣ್ಣಿಗೆ ಕಾಣದಂತೆ ಮಾಡಿದರಾಯಿತು.

ಮೂರನೆಯದು ಕನ್ನಡಿ. ಹಾಳೆಯ ನಡುವೆ ಒಂದು ಅದೃಶ್ಯ ರೇಖೆ ನಿಲ್ಲುತ್ತದೆ; ಎಡಗಡೆ ಒಂದು ಮೀಸೆ ಬರೆದರೆ ಬಲಗಡೆಯ ಮೀಸೆ ತಾನೇ ಮೂಡುತ್ತದೆ. ಎಡಬಲ ಒಂದೇ ಸಮನಿರುವ ಹುಳುವಿನ ಚಿತ್ರಕ್ಕೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಜೊತೆಗೆ, ನಡುಗುವ ಕೈಯ ಗೆರೆಯನ್ನು ನಯಗೊಳಿಸುವ ವ್ಯವಸ್ಥೆಯೂ ಉಂಟು. ಲೇಖನಿಯನ್ನು ಒತ್ತಿದರೆ ಗೆರೆ ದಪ್ಪ, ಸಡಿಲಿಸಿದರೆ ತೆಳು. ಲೇಖನಿ ಇಲ್ಲದೆ ಮೌಸ್ ಮಾತ್ರವಿರುವವರು ನಿರಾಶರಾಗಬೇಕಿಲ್ಲ. ಅಂಥವರಿಗೆ 'ಇಂಕ್‌ಸ್ಕೇಪ್' ಎಂಬ ಇನ್ನೊಂದು ಉಚಿತ ತಂತ್ರಾಂಶವಿದೆ. ಅಲ್ಲಿ ಗೆರೆಯನ್ನು ಎಳೆಯುವುದಕ್ಕಿಂತ ಬಗ್ಗಿಸುವುದೇ ಹೆಚ್ಚು: ಎರಡು ಬಿಂದುಗಳನ್ನಿಟ್ಟು ನಡುವಿನ ಗೆರೆಯನ್ನು ಬಿಲ್ಲಿನಂತೆ ಬಾಗಿಸಬೇಕು. ಈ ಬಾಗು ರೇಖೆಗೆ ಬೆಝಿಯೆ ರೇಖೆಯೆಂದು ಹೆಸರು. ಫ್ರಾನ್ಸಿನ ರೆನೋ ಮೋಟಾರು ಕಾರ್ಖಾನೆಯ ಇಂಜಿನಿಯರ್ ಪಿಯರ್ ಬೆಝಿಯೆ 1960ರ ದಶಕದಲ್ಲಿ ಕಾರಿನ ಮೈಯ ತಿರುವುಗಳನ್ನು ಬರೆಯಲು ಇದನ್ನು ಬಳಕೆಗೆ ತಂದ. ಇಲ್ಲಿನ ಚಿತ್ರ ಕಣಗಳಿಂದಾದುದಲ್ಲ, ರೇಖೆಯ ಗಣಿತದಿಂದಾದುದು. ಆದುದರಿಂದ ಅಂಚೆಚೀಟಿಯಷ್ಟಿರಲಿ, ಗೋಡೆಯಷ್ಟಿರಲಿ, ಅಂಚು ಒಡೆಯುವುದಿಲ್ಲ.

ಕೊನೆಯದು, ಎಲ್ಲರಿಗೂ ಪ್ರಿಯವಾದುದು, ತಪ್ಪನ್ನು ಹಿಂದಕ್ಕೆ ಪಡೆಯುವ ಸೌಕರ್ಯ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಬರೆದ ಗೆರೆ ಬರೆಯದಂತಾಗುತ್ತದೆ. ಶಹಾಬಾದಿಗೆ ದೂರವಲ್ಲದ ಕನಗನಹಳ್ಳಿಯಲ್ಲಿ, ಸನ್ನತಿಯ ಬಳಿ, ಇಂಥದೇ ಸುಣ್ಣಗಲ್ಲಿನ ಚಪ್ಪಡಿಗಳ ಮೇಲೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಶಿಲ್ಪಿಗಳು ಅಶೋಕನ ರೂಪವನ್ನು ಕಡೆದು ಅವನ ಹೆಸರನ್ನೂ ಬರೆದರು. ಅವರ ಚಾಣಕ್ಕೆ ಈ ಸೌಕರ್ಯವಿರಲಿಲ್ಲ. ಹಾರಿದ ಚಕ್ಕೆ ಹಾರಿಯೇ ಹೋಯಿತು. ಇಂದಿನ ಮಗು ಹೆದರದೆ ಗೆರೆ ಎಳೆಯುತ್ತಾಳೆ. ಅದು ಲಾಭವೇ ಸರಿ. ಆದರೆ ಈ ಯಂತ್ರ ಎಷ್ಟೇ ಜಾಣನಾದರೂ ಗುಲಗಂಜಿ ಹುಳುವಿಗೆ ಕಾಲು ನಾಲ್ಕೋ ಆರೋ ಎಂಬುದನ್ನು ಹೇಳಲಿಲ್ಲ. ನಾಲ್ಕು ಬರೆದಾಗಲೂ ಕನ್ನಡಿ ಮರುಮಾತಿಲ್ಲದೆ ಎಡದ ಎರಡನ್ನು ಬಲಕ್ಕೆ ಮೂಡಿಸಿತು.

ಮುದ್ದು ಎಂದರೇನು?

ಹುಳುವನ್ನು ಕಂಡರೆ ಚಪ್ಪಲಿ ಹುಡುಕುವ ನಾವು ಅದೇ ಹುಳುವಿನ ಚಿತ್ರ ಕಂಡರೆ "ಅಯ್ಯೋ ಮುದ್ದೇ" ಎನ್ನುವುದೇಕೆ? ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಕೊನ್ರಾಡ್ ಲೊರೆಂಜ್ 1943ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟ. ಮೈಗಿಂತ ದೊಡ್ಡದೆನಿಸುವ ತಲೆ, ಉಬ್ಬಿದ ಹಣೆ, ಮುಖದಲ್ಲಿ ತುಸು ಕೆಳಗೆ ಇಳಿದ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಗಿಡ್ಡ ಕೈಕಾಲು: ಇವು ಹಸುಗೂಸಿನ ಲಕ್ಷಣಗಳು. ಇವನ್ನು ಎಲ್ಲಿ ಕಂಡರೂ ನಮ್ಮ ಮನಸ್ಸು ಎತ್ತಿಕೊಳ್ಳಲು ಕೈ ಚಾಚುತ್ತದೆ. ನಾಯಿಮರಿಯಾದರೂ ಸರಿ, ಬೊಂಬೆಯಾದರೂ ಸರಿ. 1928ರಲ್ಲಿ ಹುಟ್ಟಿದ ಮಿಕ್ಕಿ ಇಲಿಯ ತಲೆಯೂ ಕಣ್ಣೂ ವರ್ಷ ಕಳೆದಂತೆ ದೊಡ್ಡದಾಗುತ್ತ ಬಂದುದನ್ನು ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1979ರಲ್ಲಿ ಅಳೆದು ತೋರಿಸಿದ. ಉಳಿದವರೆಲ್ಲ ವಯಸ್ಸಾದಂತೆ ಮುದುಕರಾದರೆ, ಮಿಕ್ಕಿ ವಯಸ್ಸಾದಂತೆ ಮಗುವಾಗುತ್ತ ಹೋದ!

ಈ ವಿದ್ಯೆಯಲ್ಲಿ ಒಂದು ಅಪಾಯವೂ ಉಂಟು. 1940ರಲ್ಲಿ ತೆರೆಕಂಡ 'ಪಿನೋಕಿಯೋ' ಚಿತ್ರದಲ್ಲಿ ಜಿಮಿನಿ ಎಂಬ ಮಿಡತೆಯ ಬಂಧುವೊಂದು ಬರುತ್ತದೆ. ಅದನ್ನು ರೂಪಿಸಿದ ವಾರ್ಡ್ ಕಿಂಬಲ್ ಮೊದಲು ನಿಜವಾದ ಕೀಟಕ್ಕೆ ಹತ್ತಿರವಾಗಿಯೇ ಬರೆದಿದ್ದ. ಅದು ನೋಡಲು ಹಿತವಾಗಲಿಲ್ಲ. ಒಂದೊಂದಾಗಿ ಕೀಟದ ಲಕ್ಷಣಗಳನ್ನು ಕಳೆಯುತ್ತ ಹೋದ. ಕೊನೆಗೆ ಉಳಿದುದು ಕೋಟು, ಟೋಪಿ, ಕೊಡೆ ಹಿಡಿದ, ಮೊಟ್ಟೆಯಂಥ ತಲೆಯ ಒಬ್ಬ ಪುಟ್ಟ ಗೃಹಸ್ಥ! ಕಥೆಗೆ ಅದು ಸರಿಹೋಯಿತು, ಲೋಕ ಮೆಚ್ಚಿತು. ಆದರೆ ಆ ಚಿತ್ರ ನೋಡಿದ ಮಗು ಹೊಲಕ್ಕೆ ಹೋದರೆ ಆ ಕೀಟವನ್ನು ಗುರುತಿಸಲಾರದು.

ನಮ್ಮ ಮಗುವಿನ ಭಿತ್ತಿಪತ್ರದ ಉದ್ದೇಶವಾದರೋ ಗುರುತು ಹಿಡಿಸುವುದೇ ಆಗಿತ್ತು. "ನಾಳಿ ಹೊಲದಾಗ ನೋಡೋಣ, ಎಷ್ಟು ಕಾಲು ಅದಾವ ಅಂತ" ಎಂದೆ. ಒಪ್ಪಿದಳು.

ಕುಸುಬೆಯ ಹೊಲದಲ್ಲಿ

ಮರುದಿನ ಚಿತ್ತಾಪುರದ ಕಡೆಯ ಹೊಲದಲ್ಲಿ ಪೂಜೆ ಮುಗಿಯಿತು. ಚರಗ ಚೆಲ್ಲಿದ್ದಾಯಿತು. ಒಂದು ಕಡೆ ಕಾಯಿ ಬಲಿತ ತೊಗರಿ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಅದು. ಇನ್ನೊಂದು ಕಡೆ ಬಿಳಿಜೋಳ. ಅದರ ಅಂಚಿಗೆ ನಾಲ್ಕಾರು ಸಾಲು ಕುಸುಬೆ. ಊಟ ಮುಗಿದೊಡನೆ ಮಗು ಕುಸುಬೆಯ ಸಾಲಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತಳು.

ಕುಸುಬೆಯ ಎಳೆಯ ಕಾಂಡಕ್ಕೆ ಕಪ್ಪು ಹೇನುಗಳು ಸಾಸಿವೆ ಅಂಟಿಸಿದಂತೆ ಮೆತ್ತಿಕೊಂಡಿದ್ದವು. ಚಳಿಗಾಲದಲ್ಲಿ ಈ ಸೀಮೆಯ ಕುಸುಬೆಗೆ ಇದು ದೊಡ್ಡ ಪೀಡೆ. ಸೂಜಿಯಂಥ ಮೂತಿಯನ್ನು ಚುಚ್ಚಿ ರಸ ಹೀರುತ್ತವೆ, ಎಲೆಯ ಮೇಲೆಲ್ಲ ಜಿಗಿಯಾದ ಸಿಹಿನೀರನ್ನು ಸುರಿಸುತ್ತವೆ, ಗಿಡ ಸೊರಗುತ್ತದೆ. ಹೇನಿದ್ದಲ್ಲಿ ಗುಲಗಂಜಿ ಹುಳು ಇರಲೇಬೇಕು. ಇತ್ತು. ಮಗು ಬೆರಳು ಚಾಚಿದಳು, ಹುಳು ಹತ್ತಿತು.

"ಆರು!" ಎಂದು ಕೂಗಿದಳು. "ಮಾಮಾ, ಆರ್ ಅದಾವ! ಆದ್ರ ಚುಕ್ಕಿ ಎಲ್ಲಿ?"

ನಿಜ. ಆ ಹುಳುವಿನ ಬೆನ್ನ ಮೇಲೆ ದುಂಡು ಚುಕ್ಕೆ ಇರಲಿಲ್ಲ. ಕಿತ್ತಳೆಗೆಂಪು ಬೆನ್ನಿನ ಮೇಲೆ ಅಂಕುಡೊಂಕಾದ ಕಪ್ಪು ಗೆರೆಗಳು ಹರಿದಿದ್ದವು. ನಮ್ಮ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ಗುಲಗಂಜಿ ಹುಳುಗಳಲ್ಲಿ ಇದೊಂದು ಜಾತಿ. ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿಗೆ ಆರು ಚುಕ್ಕೆಯದು ಎಂದು ಅರ್ಥವಿದ್ದರೂ ಕಣ್ಣಿಗೆ ಕಾಣುವುದು ಅಲೆಯಂಥ ಗೆರೆಯೇ. ಏಳು ಚುಕ್ಕೆಯ ಜಾತಿಯೂ ನಮ್ಮ ದೇಶದಲ್ಲಿ ಇಲ್ಲದಿಲ್ಲ. ಆದರೆ ಮಗು ಅದನ್ನು ಹೊಲದಲ್ಲಿ ನೋಡಿ ಬರೆದಿರಲಿಲ್ಲ, ಯಾವುದೋ ಪುಸ್ತಕದಲ್ಲಿ ನೋಡಿ ಬರೆದಿದ್ದಳು. ಅಷ್ಟರಲ್ಲಿ ಹುಳು ಬೆರಳಿನ ಮೇಲೆ ಒಂದು ಹನಿ ಹಳದಿ ದ್ರವ ಬಿಟ್ಟು ಹಾರಿತು. ಮೂಗಿಗೆ ಹಿಡಿದರೆ ನಾತ. ಹಿಡಿದವರಿಂದ ಬಿಡಿಸಿಕೊಳ್ಳಲು ಅದು ಕಾಲಿನ ಸಂದುಗಳಿಂದ ಈ ಕಹಿ ದ್ರವವನ್ನು ಒಸರಿಸುತ್ತದೆ. ಮುದ್ದೆಂದು ನಾವು ಮೆಚ್ಚುವ ಆ ಕೆಂಪು ಹಕ್ಕಿಗೆ ಕೊಡುವ ಎಚ್ಚರಿಕೆ: ನನ್ನನ್ನು ತಿನ್ನಬೇಡ, ನಾನು ರುಚಿಯಾಗಿಲ್ಲ!

ಕುರೂಪಿ ಕೂಸು

ಆಗ ಆಯಿಯೂ ಅಲ್ಲಿಗೆ ಬಂದರು. ರೈತರ ಮನೆಯಲ್ಲಿ ಹುಟ್ಟಿ ಬೆಳೆದ ಕಣ್ಣು ಅದು. ಗಿಡದ ಮೇಲೆ ಇನ್ನೊಂದನ್ನು ಕಂಡಿತು. ಮೊಸಳೆಯನ್ನು ಅಕ್ಕಿಕಾಳಿನಷ್ಟು ಮಾಡಿದಂತೆ ಒಂದು ಕರಿಯ ಹುಳು: ಉದ್ದ ಮೈ, ಬಾಲದ ಕಡೆಗೆ ಚೂಪು, ಬೆನ್ನ ತುಂಬ ಸಣ್ಣ ಮುಳ್ಳು, ಅಲ್ಲಲ್ಲಿ ಕಿತ್ತಳೆ ಬಣ್ಣದ ಕಲೆ. ಆಯಿ ಅದನ್ನು ಕಡ್ಡಿಯಿಂದ ಕೆಡವಿ ಚಪ್ಪಲಿಯಿಂದ ಹೊಸಕಿಬಿಟ್ಟರು. "ಇವೇ ನೋಡು, ಬೆಳಿ ಹಾಳ ಮಾಡೋವು. ವರ್ಷಾ ಕೊಲ್ತೀನಿ, ವರ್ಷಾ ಬರ್ತಾವ" ಎಂದು ಮುಂದಿನ ಗಿಡಕ್ಕೆ ಕಡ್ಡಿ ಚಾಚಿದರು.

"ಆಯಿ, ತಡೀ! ಅದು ಗಿಡಾ ತಿನ್ನವಲ್ತು. ಹೇನು ತಿನ್ನಲತ್ತದ!"

ಮೂವರೂ ಬಗ್ಗಿ ನೋಡಿದೆವು. ಕರಿಯ ಹುಳುವಿನ ಬಾಯಲ್ಲಿ ಹೇನೊಂದು ಕಾಲಾಡಿಸುತ್ತಿತ್ತು. ನೋಡುನೋಡುತ್ತಿದ್ದಂತೆ ಅದು ಮುಗಿಯಿತು. ಹುಳು ಇನ್ನೊಂದಕ್ಕೆ ಹೊರಳಿತು. ಅದೇ ಗಿಡದ ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿದ್ದವು. ಇನ್ನೊಂದು ಎಲೆಯ ಮೇಲೆ ಅಲುಗಾಡದ ಒಂದು ಕೋಶ ಅಂಟಿಕೊಂಡಿತ್ತು. ಮೊಟ್ಟೆ, ಮರಿ, ಕೋಶ, ಹುಳು: ಒಂದು ಸಂಸಾರದ ನಾಲ್ಕು ಅವಸ್ಥೆಗಳೂ ಒಂದೇ ಗಿಡದ ಮೇಲೆ! ಆಯಿ ಹೊಸಕಿದ ಕರಿಯ ಹುಳು, ಹಿಂದಿನ ದಿನ ದೃಷ್ಟಿ ತೆಗೆಯಬೇಕೆಂದಿದ್ದ ಕೆಂಪು ಹುಳುವಿನದೇ ಮರಿ.

ಚಿಟ್ಟೆಯ ಮರಿ ಕಂಬಳಿಹುಳುವಾಗಿರುವುದು ಎಲ್ಲರಿಗೂ ಗೊತ್ತು. ಗುಲಗಂಜಿ ಹುಳುವಿನ ಮರಿ ಹೇಗಿರುತ್ತದೆಂಬುದು ಬಹುಮಂದಿಗೆ ತಿಳಿಯದು. ನಾಲ್ಕು ಹಂತಗಳಲ್ಲಿ ಪೊರೆ ಕಳಚುತ್ತ ಬೆಳೆದು, ಕೋಶವಾಗಿ, ಹವೆಗೆ ತಕ್ಕಂತೆ ಎರಡು ಮೂರು ವಾರಗಳಲ್ಲಿ ಅದು ನಮಗೆ ಪರಿಚಿತವಾದ ರೂಪಕ್ಕೆ ಬರುತ್ತದೆ. ಅಷ್ಟರೊಳಗೆ ಒಂದೊಂದು ಮರಿಯೂ ನೂರಾರು ಹೇನುಗಳನ್ನು ತಿಂದು ಮುಗಿಸಿರುತ್ತದೆ. ಅದರ ದುರದೃಷ್ಟವೆಂದರೆ, ಅದು ನೋಡಲು ಚೆನ್ನಾಗಿಲ್ಲ, ಆದುದರಿಂದ ಅದರ ಚಿತ್ರವನ್ನು ಯಾರೂ ಬರೆಯುವುದಿಲ್ಲ, ಚಿತ್ರವಿಲ್ಲದ್ದರಿಂದ ಯಾರೂ ಗುರುತಿಸುವುದಿಲ್ಲ, ಗುರುತಿಸದ್ದರಿಂದ ಕೊಲ್ಲುತ್ತಾರೆ.

ಈ ಅಜ್ಞಾನದ ಬೆಲೆ ಸಣ್ಣದಲ್ಲ. ಕಂಡ ಹುಳುಗಳನ್ನೆಲ್ಲ ಕೊಲ್ಲುವ ಔಷಧಿ ಹೊಡೆದಾಗ ಹೇನಿನ ಜೊತೆಗೆ ಹೇನು ತಿನ್ನುವವೂ ಸಾಯುತ್ತವೆ. ಹೆಣ್ಣುಹೇನಿಗೆ ಮರಿ ಹಾಕಲು ಗಂಡಿನ ನೆರವು ಬೇಕಾಗಿಲ್ಲ, ಮೊಟ್ಟೆಯಿಟ್ಟು ಕಾಯಬೇಕಾಗಿಯೂ ಇಲ್ಲ. ಜೀವಂತ ಮರಿಗಳನ್ನೇ ಹಾಕುತ್ತದೆ. ಅಳಿದುಳಿದ ನಾಲ್ಕು ಹೇನುಗಳಿಂದ ಸಂತತಿ ಮತ್ತೆ ತುಂಬಿಕೊಳ್ಳುತ್ತದೆ. ತಿನ್ನುವವರು ಮಾತ್ರ ಅಷ್ಟು ಬೇಗ ಬರಲಾರರು. ಆದುದರಿಂದಲೇ ಪಂಪು ಹೆಗಲಿಗೇರಿಸುವ ಮೊದಲು ಗಿಡದ ಮೇಲೆ ಮಿತ್ರರು ಎಷ್ಟಿದ್ದಾರೆಂದು ನೋಡಿರಿ ಎಂದು ಕೃಷಿತಜ್ಞರು ಹೇಳುವುದು.

ಈ ಮಿತ್ರರ ಬಲ ಎಷ್ಟೆಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳು ಆಸ್ಟ್ರೇಲಿಯದಿಂದ ಬಂದ ಒಂದು ಬಿಳಿಯ ಶಲ್ಕಕೀಟದಿಂದ ಹಾಳಾಗುತ್ತಿದ್ದಾಗ, 1888-89ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬವನು ಆ ದೇಶದಿಂದಲೇ ಕೆಲವು ನೂರು ಗುಲಗಂಜಿ ಹುಳುಗಳನ್ನು ಹಡಗಿನಲ್ಲಿ ಕಳುಹಿಸಿದ. ಅವೂ ಅವುಗಳ ಮರಿಗಳೂ ಕೂಡಿ ಕೆಲವೇ ಕಾಲದಲ್ಲಿ ಆ ತೋಟಗಳನ್ನು ಉಳಿಸಿದವು. ನಮ್ಮ ದೇಶಕ್ಕೂ 1898ರಲ್ಲಿ ಆಸ್ಟ್ರೇಲಿಯದಿಂದ ಒಂದು ಜಾತಿ ಬಂತು. ಹಿಟ್ಟುತಿಗಣೆಯನ್ನು ತಿನ್ನುವ ಅದನ್ನು ಕರ್ನಾಟಕದ ಕಾಫಿ ಮತ್ತು ದ್ರಾಕ್ಷಿ ತೋಟಗಳಲ್ಲಿ ಬಿಡುವುದುಂಟು. ಅದರ ಮರಿಯ ಕಥೆ ಇನ್ನೂ ವಿಚಿತ್ರ. ಮೈತುಂಬ ಬಿಳಿ ಮೇಣದ ಎಳೆ ಹೊದ್ದು ತಾನು ತಿನ್ನುವ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ! ತಿಳಿಯದವರು ರಕ್ಷಕನನ್ನೇ ಕಳ್ಳನೆಂದು ಬಡಿಯುವುದು ಸಹಜ. ಬೆಂಗಳೂರಿನ ಹೆಬ್ಬಾಳದಲ್ಲಿ ಇಂಥ ಕೀಟಗಳ ಅಧ್ಯಯನಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ.

ಮತ್ತೆ ಪರದೆಯ ಮುಂದೆ

ಸಂಜೆ ಮನೆಗೆ ಬಂದವಳೇ ಮಗು ಲ್ಯಾಪ್‌ಟಾಪ್ ತೆರೆದಳು. ಮೊದಲು ತಾಯಿಯನ್ನು ತಿದ್ದಿದಳು. ಚುಕ್ಕೆಗಳು ಬೇರೆಯೇ ಪದರದಲ್ಲಿದ್ದುದರಿಂದ ಆ ಹಾಸೊಂದನ್ನು ಎತ್ತಿ ಒಗೆದು, ಅದರ ಜಾಗದಲ್ಲಿ ಅಂಕುಡೊಂಕು ಗೆರೆ ಹಾಕಿದಳು; ಕೆಂಪು ಬಣ್ಣಕ್ಕೆ ಒಂದು ಗೀರೂ ತಗುಲಲಿಲ್ಲ. ಎಡಕ್ಕೆ ಒಂದು ಕಾಲು ಸೇರಿಸಿದಳು; ಕನ್ನಡಿ ಬಲಕ್ಕೊಂದು ಸೇರಿಸಿತು. ಆರಾಯಿತು. ಕಣ್ಣು, ನಗು ಇದ್ದಂತೆಯೇ ಉಳಿದವು.

ಕಷ್ಟ ಬಂದುದು ಮರಿಯಲ್ಲಿ. ಮೊದಲ ಸಲ ಉದ್ದನೆಯ ಕರಿಯ ಮೈಗೆ ಎರಡು ಕಣ್ಣು ಅಂಟಿಸಿದಳು; ವಾಡಿಯ ಕಡೆ ಹೊರಟ ಗೂಡ್ಸ್ ಗಾಡಿಯಂತೆ ಕಂಡಿತು. ಎರಡನೆಯ ಸಲ ಲೊರೆಂಜ್ ಮಹಾಶಯನ ಸೂತ್ರವನ್ನು ಪೂರ್ತಿಯಾಗಿ ಪಾಲಿಸಿ ಮೈಯನ್ನು ಗುಂಡಗೆ ಮಾಡಿದಳು, ಮುಳ್ಳು ತೆಗೆದಳು, ಬಾಲ ಕತ್ತರಿಸಿದಳು. ಬಹಳ ಮುದ್ದಾಯಿತು. ಆದರೆ ಅದು ಮರಿಯಾಗಿ ಉಳಿಯಲಿಲ್ಲ, ಕರಿಯ ಲಡ್ಡುವಾಯಿತು. "ಇದನ್ನ ನೋಡಿ ಆಯಿಗೆ ಗುರ್ತು ಹತ್ತಂಗಿಲ್ಲ" ಎಂದು ತಾನೇ ಅಳಿಸಿದಳು. ಯಂತ್ರಕ್ಕೆ ತಿಳಿಯದ ತಪ್ಪು ಅವಳಿಗೆ ತಿಳಿದಿತ್ತು. ಏಕೆಂದರೆ ಅವಳು ಮಧ್ಯಾಹ್ನ ನೋಡಿ ಬಂದಿದ್ದಳು.

ಆ ಹೊತ್ತಿನಲ್ಲಿ ನನಗೆ ಆರ್. ಕೆ. ಲಕ್ಷ್ಮಣರ ಕಾಗೆಗಳು ನೆನಪಾದವು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆ ವ್ಯಂಗ್ಯಚಿತ್ರಕಾರರು ಯಾರೂ ಮೆಚ್ಚದ ಕಾಗೆಯನ್ನು ಬಾಲ್ಯದಿಂದಲೂ ಮೆಚ್ಚಿ ಬರೆದರು. ಅವರ ಕಾಗೆ ನಗುವುದಿಲ್ಲ, ಅದಕ್ಕೆ ಗಲ್ಲದ ಗುಳಿಯಿಲ್ಲ. ಕತ್ತು ಓರೆಮಾಡುವ ಕಾಗೆಯ ಠೀವಿಯೇ ಅದರ ಚೆಲುವು. ಇದನ್ನು ಮಗುವಿಗೆ ಹೇಳಿದೆ. "ಹಂಗಾರ ಇದರ ಠೀವಿ ಏನ್ ಮಾಮಾ?" ಎಂದಳು. ಇಬ್ಬರೂ ಯೋಚಿಸಿದೆವು. "ಹಸಿವು!" ಎಂದು ಅವಳೇ ಉತ್ತರ ಕೊಟ್ಟಳು.

ಮೂರನೆಯ ಚಿತ್ರಕ್ಕೆ ದಾರಿ ಸಿಕ್ಕಿತು. ಮೈ ಉದ್ದವಾಗಿಯೇ ಉಳಿಯಿತು, ಬಾಲವೂ ಚೂಪಾಗಿಯೇ. ಆರು ಕಾಲುಗಳು ತಲೆಯ ಹಿಂದಿನ ಮೂರು ಖಂಡಗಳಿಗೆ, ಇರಬೇಕಾದಲ್ಲಿಯೇ, ಅಂಟಿದವು. ಕಿತ್ತಳೆಯ ಕಲೆಗಳ ಬಣ್ಣವನ್ನು ಹೊಲದಲ್ಲಿ ತೆಗೆದ ಫೋಟೋದಿಂದಲೇ ಹೀರಿಕೊಂಡು ಹಾಕಿದಳು; ತಂತ್ರಾಂಶದಲ್ಲಿ ಅದಕ್ಕೂ ಒಂದು ಉಪಾಯವುಂಟು. ಮುಳ್ಳುಗಳನ್ನು ತೆಗೆಯಲಿಲ್ಲ, ಮೃದುವಾಗಿಸಿದಳು. ಎಣ್ಣೆ ಹಚ್ಚದೆ ಬಾಚದೆ ಬಿಟ್ಟ ಮಗುವಿನ ಕೂದಲಿನಂತೆ ನಿಂತವು. ತಲೆಯನ್ನು ಮಾತ್ರ ದೊಡ್ಡದು ಮಾಡಿ ಎರಡು ದುಂಡು ಕಣ್ಣಿಟ್ಟಳು. ಕುತ್ತಿಗೆಗೆ ಒಂದು ಜೊಲ್ಲುಬಟ್ಟೆ, ಬಾಯಲ್ಲಿ ಒಂದು ಹೇನು, ಮುಂದೆ ತಟ್ಟೆಯಲ್ಲಿ ಇನ್ನೂ ಹತ್ತು ಹೇನು. ಅಂಗನವಾಡಿಯಲ್ಲಿ ಉಣ್ಣಲು ಕುಳಿತ ಕೂಸೇ ಸರಿ! ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರ: 'ನಾನು ಗುಲಗಂಜಿ ಹುಳುವಿನ ಮರಿ. ನನ್ನನ್ನು ಕೊಲ್ಲಬೇಡಿ.'

ನಾಲ್ಕು ಕಾಲಿನ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇಷ್ಟೆ. ಮುದ್ದಿಗಾಗಿ ಅಳತೆಯನ್ನು ಬದಲಿಸಬಹುದು, ಗುರುತನ್ನು ಬದಲಿಸಬಾರದು. ತಲೆ ಹಿರಿದಾಗಲಿ, ಕಣ್ಣು ಅರಳಲಿ, ನಗು ಬರಲಿ. ಆದರೆ ಯಾವ ಕುರುಹಿನಿಂದ ಆ ಜೀವಿ ತಾನೆಂದು ತಿಳಿಯುವುದೋ ಅದು ಉಳಿಯಲಿ. ಆ ಕುರುಹು ಯಾವುದೆಂಬುದನ್ನು ತಿಳಿಯಲು ಯಾವ ಗುಂಡಿ ಒತ್ತಿದರೂ ಆಗದು. ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬೇಕು. ಮನೆಯಲ್ಲಿ ಮಕ್ಕಳಿಗೆ ಇಂಥ ತಂತ್ರಾಂಶ ಹಾಕಿಕೊಡುವ ತಾಯಿತಂದೆಗಳು ಒಂದು ಎರಡು ರೂಪಾಯಿಯ ಬಳಪವನ್ನೂ, ಆರು ಕಾಲುಗಳನ್ನು ಎಣಿಸಲು ಒಂದು ಸಂಜೆಯ ಬಿಡುವನ್ನೂ ಜೊತೆಗೆ ಕೊಡುವುದು ಲೇಸು. ಹಿತ್ತಲಿಲ್ಲದ ಪಟ್ಟಣದ ಮನೆಯಾದರೂ ಚಿಂತೆಯಿಲ್ಲ. ಕುಂಡದ ಗುಲಾಬಿಗೂ ಹೇನು ಹತ್ತುತ್ತದೆ.

ನಾನು ಹೊರಡುವ ದಿನ ಬೆಳಿಗ್ಗೆ ಬಜಾರಿನಿಂದ ಭಿತ್ತಿಪತ್ರ ಅಚ್ಚಾಗಿ ಬಂತು. ಮಗು ಅದನ್ನು ಪಡಸಾಲೆಯ ಫರಸಿಯ ಮೇಲೆ ಹಾಸಿ ಆಯಿಯನ್ನು ಕರೆದಳು. ಆಯಿ ಕನ್ನಡಕ ಹಾಕಿಕೊಂಡು ಬಗ್ಗಿ ಮೊದಲು ತಾಯಿಯನ್ನು ನೋಡಿದರು, ಆಮೇಲೆ ಮರಿಯನ್ನು. ಬಹಳ ಹೊತ್ತು ಮಾತಾಡಲಿಲ್ಲ. ಜೊಲ್ಲುಬಟ್ಟೆ ಕಟ್ಟಿಕೊಂಡ ಆ ಕರಿಯ ಕೂಸಿನ ಮೇಲೆ ಬೆರಳಿಟ್ಟು, ಮೊಮ್ಮಗಳಿಗೋ ತಮಗೇ ತಾವೋ ಎಂಬಂತೆ, ಮೆಲ್ಲಗೆ ಹೇಳಿದರು:

"ಐವತ್ ವರ್ಷ ಕೊಂದೆನಲ್ಲವ್ವಾ ಇವನ್ನ. ಯಾರರೆ ಮೊದಲs ಹಿಂಗ ಬರದು ತೋರಿಸಿದ್ರ ಏನ್ ಆಗ್ತಿತ್ತು?"